ಕಲಿತ ವಿದ್ಯೆ, ಕಾಯುತ್ತಿರುವ ಕೆಲಸ: ಉನ್ನತ ಎಂಜಿನಿಯರಿಂಗ್ ಪದವೀಧರರ ಬೇರೆ ದಾರಿಗಳು



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ, ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿದ್ದೀರಿ. ಎರಡಕ್ಕೂ ನಾನು ಋಣಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇವತ್ತು ಸಂಕಟವಾಗಿ ಕುಳಿತಿರುವ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇನೆ. ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿದ, ಕೆಲವರು ಪಿಎಚ್.ಡಿ.ಯನ್ನೂ ಮುಗಿಸಿದ ನಮ್ಮ ಮಕ್ಕಳು ಎಂಜಿನಿಯರ್ ಎಂಬ ಹುದ್ದೆಯ ಆಚೆಗೆ ಏನಾಗಬಹುದು? ಆಗಬೇಕೆಂದರೆ ಏನು ಮಾಡಬೇಕು?

ಒಂದು ಕಾಲಕ್ಕೆ ಗೋಕಾಕ ಸೀಮೆಯ ಹುಡುಗ ಬಿ.ಇ. ಓದಬೇಕೆಂದರೆ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿಗೋ ಬಾಗಲಕೋಟೆಯ ಬಸವೇಶ್ವರ ಕಾಲೇಜಿಗೋ ಹೋಗಬೇಕಿತ್ತು. 1979ರಲ್ಲಿ ಬೆಳಗಾವಿಗೆ ಗೋಗಟೆ ತಾಂತ್ರಿಕ ಕಾಲೇಜು ಬಂತು. 1990ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲೇ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ತೆರೆಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ನೆಲೆಯೂರಿತು. ಕಬ್ಬಿನ ಬಿಲ್ಲು ಬಂದಾಗ ಫೀ ಕಟ್ಟಿ, ಬಾರದಾಗ ಸೊಸೈಟಿಯಲ್ಲಿ ಸಾಲ ಎತ್ತಿ, ಒಕ್ಕಲುತನದ ಮನೆಗಳು ಮಕ್ಕಳನ್ನು ಬಿ.ಇ. ಮಾಡಿಸಿದವು, ಅದು ಸಾಲದೆಂದು ಎಂ.ಟೆಕ್. ಕೂಡ ಮಾಡಿಸಿದವು. ಆಮೇಲೆ ಅಂಗಳದಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ ಒಂದೇ ಮಾತು: "ಇಷ್ಟೆಲ್ಲಾ ಓದೀದಿ, ಮುಂದ ಏನ್ ಮಾಡತೀಯೋ ತಮ್ಮಾ?" ಹೆಣ್ಣುಮಗಳಾದರೆ ಆ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಅವಳ ಪದವಿ ಲಗ್ನಪತ್ರಿಕೆಯ ಮೇಲೆ ಅಚ್ಚಾಗುತ್ತದೆ, ಅಲ್ಲಿಗೆ ಮುಗಿಯುತ್ತದೆ.

ಎಂ.ಟೆಕ್. ಎಂದರೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಹತೆ ಎಂದೇ ನಮ್ಮಲ್ಲಿ ಬಹುಕಾಲ ನಂಬಿದ್ದರು. ಆ ನಂಬಿಕೆಗೆ ಕಾರಣವಿತ್ತು. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿ ಬೇಕೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮವೇ ಹೇಳುತ್ತದೆ. ಆದರೆ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ ಸೀಟುಗಳು ಖಾಲಿ ಉಳಿಯತೊಡಗಿದ ಮೇಲೆ ಆ ಬಾಗಿಲು ಕಿರಿದಾಗಿದೆ. ಬೆಂಗಳೂರು-ಪುಣೆಯ ಕಂಪನಿಗಳ ಬಾಗಿಲು ಕೆಲವು ವರ್ಷ ತೆರೆಯುತ್ತದೆ, ಕೆಲವು ವರ್ಷ ಮುಚ್ಚುತ್ತದೆ. ಹಾಗಾಗಿ ಬೇರೆ ದಾರಿಗಳ ಮಾತು ಈಗ ಅನಿವಾರ್ಯ.

ಇಂದಿನ ಮಾತಿನ ಮಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೂರು ತಾಲ್ಲೂಕುಗಳ ನೀರು, ಕರೆಂಟು, ಕಬ್ಬು ಇವುಗಳ ಸುತ್ತ ಇರುವ ಕೆಲಸಗಳ ಬಗ್ಗೆ ಹೆಚ್ಚು ಹೊತ್ತು ಮಾತನಾಡುತ್ತೇನೆ. ಆಮೇಲೆ ಸರ್ಕಾರಿ ಸೇವೆ, ಕಾನೂನು ಮತ್ತು ವಿಮೆ. ಅದರ ನಂತರ ಶಾಲೆ ಮತ್ತು ಕನ್ನಡದ ಬರವಣಿಗೆ. ಕೊನೆಗೆ ದಾರಿ ಬದಲಿಸುವವರು ಏನನ್ನು ತೂಗಿ ನೋಡಬೇಕು ಎಂಬುದರ ಬಗ್ಗೆ ನಾಲ್ಕು ಮಾತು. ಎಂಜಿನಿಯರಿಂಗ್ ಕೆಲಸವನ್ನೇ ಪ್ರೀತಿಸುವವರು ಅಲ್ಲೇ ಇರಲಿ. ಅವರನ್ನು ಎಬ್ಬಿಸಲು ನಾನು ಬಂದಿಲ್ಲ.

ಮೊದಲು ಒಂದು ಮೂಲಭೂತ ವಿಚಾರ. ಎರಡು ವರ್ಷ ಎಂ.ಟೆಕ್. ಓದಿದವರು ನಿಜವಾಗಿ ಏನನ್ನು ಕಲಿತಿರುತ್ತಾರೆ? ಪಠ್ಯದ ಸೂತ್ರಗಳು ಹತ್ತು ವರ್ಷದಲ್ಲಿ ಹಳತಾಗುತ್ತವೆ. ಆದರೆ ಪ್ರಾಮಾಣಿಕವಾಗಿ ಪ್ರಬಂಧ ಬರೆದವರು ಒಂದನ್ನು ಮಾತ್ರ ಮರೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಂಕಿ ಸಿಕ್ಕರೆ ಅವರು ಅದನ್ನು ಹಾಗೇ ನಂಬುವುದಿಲ್ಲ. ಯಾವ ಉಪಕರಣದಿಂದ ಅಳೆದದ್ದು, ಎಷ್ಟು ಸಲ ಅಳೆದದ್ದು, ಹೆಚ್ಚುಕಡಿಮೆ ಎಷ್ಟಿರಬಹುದು, ಬೇರೆಯವರು ಅಳೆದರೂ ಇದೇ ಬರುತ್ತದೆಯೇ ಎಂದು ಕೇಳುತ್ತಾರೆ. ಅಂಕಿಯನ್ನು ಹೀಗೆ ನಿಲ್ಲಿಸಿ ವಿಚಾರಿಸುವ ಶಿಸ್ತೇ ಉನ್ನತ ಪದವಿಯ ನಿಜವಾದ ಗಳಿಕೆ. ನಮ್ಮ ಸಾರ್ವಜನಿಕ ಬದುಕಿನಲ್ಲಿ ಇದಕ್ಕೆ ಎಷ್ಟು ಬರಗಾಲವಿದೆ ಎಂಬುದನ್ನು ನಮ್ಮ ಊರುಗಳಿಂದಲೇ ತೋರಿಸುತ್ತೇನೆ.

ಈಗ ಮೊದಲ ಭಾಗಕ್ಕೆ ಬರುತ್ತೇನೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ಅಲ್ಲಿ ಹಗಲು-ರಾತ್ರಿ ಕುಳಿತರು. ಆ ಹೋರಾಟದ ನ್ಯಾಯದ ಬಗ್ಗೆ ನಿಮಗೆ ನಾನು ಹೇಳಬೇಕಾದ್ದಿಲ್ಲ. ಈ ಸಭೆಯಲ್ಲಿರುವ ಅನೇಕರ ಮನೆಯವರೇ ಅಲ್ಲಿದ್ದರು. ನಾನು ನೋಡುವುದು ಅದರೊಳಗಿನ ಲೆಕ್ಕವನ್ನು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಸಮ್ಮತ ದರ ಕ್ವಿಂಟಾಲಿಗೆ 355 ರೂಪಾಯಿ. ಅದು ಶೇ. 10.25ರಷ್ಟು ಸಕ್ಕರೆ ಇಳುವರಿಗೆ. ಇಳುವರಿ ಅದಕ್ಕಿಂತ ಶೇ. 0.1ರಷ್ಟು ಹೆಚ್ಚಾದಾಗಲೆಲ್ಲ ಕ್ವಿಂಟಾಲಿಗೆ 3 ರೂಪಾಯಿ 46 ಪೈಸೆ ಸೇರುತ್ತದೆ. ಅಂದರೆ ಟನ್ನಿಗೆ 34 ರೂಪಾಯಿ 60 ಪೈಸೆ. ಹಂಗಾಮಿಗೆ ಹತ್ತು ಲಕ್ಷ ಟನ್ ನುರಿಸುವ ಕಾರ್ಖಾನೆಯೊಂದರಲ್ಲಿ ದಶಮಾಂಶದ ಬಲಗಡೆಯ ಆ ಒಂದೇ ಅಂಕಿ ಆಚೀಚೆ ಆದರೆ 3 ಕೋಟಿ 46 ಲಕ್ಷ ರೂಪಾಯಿ ರೈತರ ಕಡೆಗೋ ಕಾರ್ಖಾನೆಯ ಕಡೆಗೋ ವಾಲುತ್ತದೆ.

ಇಳುವರಿಯನ್ನು ಅಳೆಯುವುದು ಹೇಗೆ, ರಸದ ಮಾದರಿಯನ್ನು ಎಲ್ಲಿಂದ ತೆಗೆಯುತ್ತಾರೆ, ತೂಕದ ಸೇತುವೆಯನ್ನು ಕೊನೆಯ ಸಲ ಯಾರು ಪರೀಕ್ಷಿಸಿದರು, ಎಥೆನಾಲ್‌ಗೆ ಹೋದ ರಸವನ್ನು ಲೆಕ್ಕಕ್ಕೆ ತಂದದ್ದು ಹೇಗೆ? ಈ ಪ್ರಶ್ನೆಗಳಿಗೆ ಘೋಷಣೆಗಳಿಂದ ಉತ್ತರ ಸಿಗುವುದಿಲ್ಲ. ರೈತ ಸಂಘಟನೆಯ ಪಕ್ಕದಲ್ಲಿ ಕುಳಿತು ಈ ಲೆಕ್ಕ ಬಿಡಿಸಿ ಹೇಳಬಲ್ಲವರು ಬೇಕು. ಕಾರ್ಖಾನೆಯ ಪರವಾಗಿ ಅದನ್ನು ಪಾರದರ್ಶಕವಾಗಿ ಬರೆದಿಡಬಲ್ಲವರೂ ಬೇಕು, ಸರ್ಕಾರದ ಪರವಾಗಿ ತಪಾಸಣೆ ಮಾಡಬಲ್ಲವರೂ ಬೇಕು. ಮೂರೂ ಕಡೆ ಜೀವನೋಪಾಯವಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯನ್ನು ನಮ್ಮ ಹುಡುಗರು ಅರ್ಜಿ ಹಾಕುವಾಗ ನೆನಪಿಸಿಕೊಳ್ಳುವುದೇ ಇಲ್ಲ. ತಕ್ಕಡಿ, ತೂಕದ ಸೇತುವೆ, ಪೆಟ್ರೋಲ್ ಪಂಪು ಎಲ್ಲವನ್ನೂ ಪರೀಕ್ಷಿಸುವ ಇಲಾಖೆ ಅದು. ಅದರ ಅಧಿಕಾರಿಗಳ ಹುದ್ದೆಗೆ ಎಂಜಿನಿಯರಿಂಗ್ ಪದವೀಧರರೂ ಅರ್ಹರು. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಮೆಕ್ಯಾನಿಕಲ್ ಅಥವಾ ಕೆಮಿಕಲ್ ವಿಭಾಗದಲ್ಲಿ ಎಂ.ಟೆಕ್. ಮಾಡಿದವರು ಅಲ್ಲಿ ಸಕ್ಕರೆಯ ತಾಂತ್ರಿಕತೆಯನ್ನು ಕಲಿತು, ಜೊತೆಗೆ 1966ರ ಕಬ್ಬು ನಿಯಂತ್ರಣ ಆದೇಶವನ್ನು ಓದಿಕೊಂಡರೆ ರೈತರಿಗೆ ಅದಕ್ಕಿಂತ ದೊಡ್ಡ ಆಸರೆ ಇರದು. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಬೇಕು ಎಂದು ಆ ಆದೇಶದಲ್ಲಿದೆ. ನಮ್ಮ ಎಷ್ಟು ಪದವೀಧರರಿಗೆ ಇದು ಗೊತ್ತು?

ಕಬ್ಬಿನಿಂದ ಕರೆಂಟಿಗೆ ಬರೋಣ. ಹುಕ್ಕೇರಿಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿಯೊಂದಿದೆ. ಹಳ್ಳಿಗಳಿಗೆ ಸಹಕಾರಿ ಸಂಘಗಳ ಮೂಲಕ ವಿದ್ಯುತ್ ಕೊಡುವ ಪ್ರಯೋಗಕ್ಕೆ 1960ರ ದಶಕದ ಕೊನೆಯಲ್ಲಿ ದೇಶದಲ್ಲಿ ಐದು ಸ್ಥಳಗಳನ್ನು ಆರಿಸಿದರು. ಅಂದಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. 1969ರಲ್ಲಿ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ನಡೆಯುತ್ತಿದೆ. ಕರ್ನಾಟಕದಲ್ಲಿ ಹೆಸ್ಕಾಂ, ಬೆಸ್ಕಾಂ ಮುಂತಾದ ದೊಡ್ಡ ಕಂಪನಿಗಳ ಸಾಲಿನಲ್ಲಿ ತನ್ನದೇ ದರ ಅರ್ಜಿಯನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದಿಡುವ ಸಹಕಾರಿ ಸಂಘ ಇದೊಂದೇ.

ಆ ದರ ಅರ್ಜಿ ಎಂದರೇನು? ಸಂಘ ಎಷ್ಟು ವಿದ್ಯುತ್ ಕೊಂಡಿತು, ಎಷ್ಟನ್ನು ಮಾರಿತು, ದಾರಿಯಲ್ಲಿ ಸೋರಿದ್ದೆಷ್ಟು, ಮೀಟರು ಇಲ್ಲದ ನೀರಾವರಿ ಪಂಪ್‌ಸೆಟ್ಟುಗಳ ಬಳಕೆಯನ್ನು ಯಾವ ಆಧಾರದಿಂದ ಅಂದಾಜು ಮಾಡಿತು ಎಂಬ ಪುಟಗಟ್ಟಲೆ ಲೆಕ್ಕ. ಅದನ್ನು ಆಯೋಗ ಸಾರ್ವಜನಿಕರ ಮುಂದಿಡುತ್ತದೆ, ಆಕ್ಷೇಪಣೆ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. 2003ರ ವಿದ್ಯುತ್ ಕಾಯ್ದೆ ಓದಿದ, ವಿದ್ಯುತ್ ವ್ಯವಸ್ಥೆಯಲ್ಲಿ ಎಂ.ಟೆಕ್. ಮಾಡಿದ, ಲೆಕ್ಕಪತ್ರದ ಅರಿವೂ ಇರುವವರಿಗೆ ಇಲ್ಲಿ ಒಂದು ಪೂರ್ಣ ವೃತ್ತಿಯೇ ಇದೆ. ವಿದ್ಯುತ್ ಕಂಪನಿಗಳಲ್ಲಿ, ಆಯೋಗಗಳಲ್ಲಿ, ಸಲಹಾ ಸಂಸ್ಥೆಗಳಲ್ಲಿ, ಗ್ರಾಹಕ ಸಂಘಟನೆಗಳಲ್ಲಿ ಇಂಥವರಿಗೆ ಬೇಡಿಕೆ ಇದೆ. ಅವರು ಕಂಬ ನಿಲ್ಲಿಸುವುದಿಲ್ಲ, ತಂತಿ ಎಳೆಯುವುದಿಲ್ಲ. ಕಂಬ-ತಂತಿಯ ಖರ್ಚು ಯಾರ ತಲೆಯ ಮೇಲೆ ಬೀಳಬೇಕು ಎಂಬುದನ್ನು ನಿರ್ಧರಿಸುವಲ್ಲಿ ಅವರ ಮಾತಿಗೆ ತೂಕವಿರುತ್ತದೆ.

ಸಹಕಾರದ ಮಾತು ಬಂದಾಗ ವರ್ಗೀಸ್ ಕುರಿಯನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಗಿಂಡಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1948ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್‌ನಿಂದ ಸ್ನಾತಕೋತ್ತರ ಪದವಿ ಪಡೆದು, ಸರ್ಕಾರಿ ವಿದ್ಯಾರ್ಥಿವೇತನದ ಕರಾರಿನಿಂದಾಗಿ 1949ರಲ್ಲಿ ಆನಂದ್ ಎಂಬ ಸಣ್ಣ ಊರಿಗೆ ಬಂದ ತರುಣ ಅವರು. ಕರಾರು ಮುಗಿದ ಮೇಲೆ ಹೊರಡಬಹುದಿತ್ತು. ತ್ರಿಭುವನದಾಸ್ ಪಟೇಲರ ಹಾಲು ಉತ್ಪಾದಕರ ಸಂಘದ ಜೊತೆ ನಿಂತರು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಎಚ್.ಎಂ. ದಲಾಯಾ ಅವರ ತಾಂತ್ರಿಕ ಕೌಶಲದಿಂದ ಅದು ಆನಂದ್‌ನಲ್ಲಿ ಸಾಧ್ಯವಾಯಿತು. ಕುರಿಯನ್ ಅವರ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಲಿಲ್ಲ. ಹಾಲಿನ ದರ, ರೈತರ ಒಡೆತನ, ಮಾರುಕಟ್ಟೆ, ರಾಜಕಾರಣ ಎಲ್ಲದಕ್ಕೂ ಅದೇ ಲೆಕ್ಕಾಚಾರದ ಮನಸ್ಸನ್ನು ಅವರು ಒಯ್ದರು. ಹಳ್ಳಿಯ ಸಂಸ್ಥೆಗಳನ್ನು ನಡೆಸಲು ತರಬೇತಾದ ಜನ ಬೇಕೆಂದು 1979ರಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ 'ಇರ್ಮಾ'ವನ್ನು ಕಟ್ಟಿದರು. ಸಹಕಾರಿ ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಹಾಲಿನ ಡೇರಿ, ವಿದ್ಯುತ್ ಸಂಘ, ಇಷ್ಟೂ ಇರುವ ನಮ್ಮ ಸೀಮೆಯಿಂದ ಅಲ್ಲಿಗೆ ಪ್ರತಿವರ್ಷ ಒಬ್ಬ ವಿದ್ಯಾರ್ಥಿಯಾದರೂ ಹೋಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಸಹಕಾರಿ ಸಂಘಗಳ ಚುನಾವಣೆಗೆ ನಾವು ಕೊಡುವ ಗಮನದ ಅರ್ಧವನ್ನು ಅವುಗಳ ಆಡಳಿತಕ್ಕೆ ಕೊಟ್ಟಿದ್ದರೆ ಈ ನಾಡಿನ ಚಿತ್ರವೇ ಬೇರೆ ಇರುತ್ತಿತ್ತು.

ಕರ್ನಾಟಕದ್ದೇ ಆದ ಇನ್ನೊಂದು ಉದಾಹರಣೆ ಹರೀಶ್ ಹಂದೆ ಅವರದು. ಖರಗಪುರದ ಐಐಟಿಯಲ್ಲಿ ಓದಿ, ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸೌರಶಕ್ತಿಯ ಮೇಲೆ ಪಿಎಚ್.ಡಿ. ಮಾಡಿದ ಅವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದರು. ಸೌರದೀಪದ ತಂತ್ರಜ್ಞಾನ ಆಗಲೇ ಇತ್ತು. ಇಲ್ಲದಿದ್ದದ್ದು ಬಡವರ ಕೈಗೆಟಕುವ ಸಾಲ. ದಿನಗೂಲಿಯವರ ಕೈಗೆ ಹಣ ಬರುವ ರೀತಿಗೆ ತಕ್ಕಂತೆ ಕಂತನ್ನು ಹೊಂದಿಸುವುದು, ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸುವುದು, ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಜನ ಇರುವಂತೆ ನೋಡಿಕೊಳ್ಳುವುದು, ಇವೇ ಅವರ ಕೆಲಸವಾದವು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನೀರಿನ ವಿಷಯವನ್ನು ಇನ್ನಷ್ಟು ಹೇಳಬೇಕು. ಗೋಕಾಕ ಜಲಪಾತದ ನೀರಿನ ಬಲದಿಂದ 1880ರ ದಶಕದಲ್ಲೇ ಇಲ್ಲಿ ನೂಲಿನ ಗಿರಣಿ ನಡೆಯಿತು. ಧುಪದಾಳದ ಒಡ್ಡು ಬಂತು, ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಬಂತು. ಕಟ್ಟುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಈಗಿರುವ ತೊಂದರೆಗಳು ಬೇರೆ ಜಾತಿಯವು. ಕಾಲುವೆಯ ಮೇಲ್ಭಾಗದವರು ನೀರನ್ನೆಲ್ಲ ಎಳೆದುಕೊಂಡರೆ ಕೊನೆಯಂಚಿನವರು ಏನು ಮಾಡಬೇಕು? ಹೆಚ್ಚು ನೀರು ನಿಂತು ಸವಳಾದ ಎರೆಭೂಮಿಯನ್ನು ಮರಳಿ ಪಡೆಯುವುದು ಹೇಗೆ? 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕ ಪಟ್ಟಣದ ಓಣಿಗಳಲ್ಲಿ ನೀರು ನುಗ್ಗಿತು, ಲೋಳಸೂರು ಸೇತುವೆ ಮುಳುಗಿತು. 2021ರಲ್ಲಿ ಮತ್ತೆ ಮುಳುಗಿತು. ಯಾವ ಓಣಿಗೆ ಎಷ್ಟು ತಾಸು ಮೊದಲು ಎಚ್ಚರಿಕೆ ಕೊಡಬಹುದು, ಯಾವ ಮನೆಗಳನ್ನು ಬೇರೆಡೆಗೆ ಒಯ್ಯಬೇಕು, ಪರಿಹಾರವನ್ನು ಯಾವ ಅಳತೆಗೋಲಿನಿಂದ ಹಂಚಬೇಕು? ಜಲಶಾಸ್ತ್ರ ಅಥವಾ ದೂರಸಂವೇದಿ ಓದಿದವರು ಇಂಥ ಕೆಲಸಕ್ಕೆ ವಿಪತ್ತು ನಿರ್ವಹಣೆ, ನಗರ ಯೋಜನೆ, ಸಂಶೋಧನಾ ಸಂಸ್ಥೆಗಳ ಮೂಲಕ ಬರಬಹುದು. ಧಾರವಾಡದ 'ವಾಲ್ಮಿ', ಅಂದರೆ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ನಮಗೆ ದೂರವೇನಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಘಟಕವನ್ನು ತೆರೆದು, ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಯಲ್ಲಿ ಕುಳಿತು ಹೊಗೆ ಕಡಿಮೆ ಮಾಡುವ ಒಲೆಯಿಂದ ಹಿಡಿದು ಬಯೋಗ್ಯಾಸಿನವರೆಗೆ ಕೆಲಸ ಮಾಡಿದರು. ಪ್ರಶ್ನೆಯನ್ನು ಹಳ್ಳಿಯಿಂದ ಎತ್ತಿಕೊಂಡರೆ ಸಂಶೋಧನೆಯ ಘನತೆ ಕುಗ್ಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಈಗ ಎರಡನೆಯ ಭಾಗ, ಸರ್ಕಾರಿ ಸೇವೆ. ನಮ್ಮಲ್ಲಿ ಬೇರೆ ದಾರಿ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು ಯುಪಿಎಸ್‌ಸಿ ಮತ್ತು ಕೆಎಎಸ್. ಎಂಜಿನಿಯರ್ ಆಡಳಿತಗಾರನಾಗುವುದು ಹೊಸತೇನಲ್ಲ. ಪುಣೆಯಲ್ಲಿ ಓದಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. ಅಣೆಕಟ್ಟು ಕಟ್ಟಿದವರೆಂದಷ್ಟೇ ಅವರನ್ನು ನೆನೆಯುವುದು ಅವರಿಗೆ ಮಾಡುವ ಅನ್ಯಾಯ. ನಮ್ಮ ಕಾಲಕ್ಕೆ ಬಂದರೆ, ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ ಸಿವಿಲ್ ಎಂಜಿನಿಯರಿಂಗ್ ಓದಿ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು 2016ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು. ಕನ್ನಡ ಶಾಲೆಯ ಮಕ್ಕಳಿಗೆ ಅದಕ್ಕಿಂತ ಧೈರ್ಯ ಕೊಡುವ ಸುದ್ದಿ ಬೇರೊಂದಿಲ್ಲ.

ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಸುಮಾರು ಸಾವಿರದಷ್ಟು ಹುದ್ದೆಗಳಿಗೆ ಹತ್ತು ಲಕ್ಷದ ಆಸುಪಾಸಿನ ಜನ ಅರ್ಜಿ ಹಾಕುವ ಪರೀಕ್ಷೆ ಅದು. ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಮೂರು, ನಾಲ್ಕು, ಆರು ವರ್ಷ ಕುಳಿತ ನಮ್ಮ ಮಕ್ಕಳಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೂ ನನ್ನ ಅಭಿಪ್ರಾಯ ಖಚಿತವಾಗಿದೆ: ಎರಡು ಪ್ರಯತ್ನಗಳ ನಂತರ ಏನು ಮಾಡುವುದು ಎಂದು ಮೊದಲೇ ಬರೆದಿಡದವರು ಆ ಕೋಣೆಗೆ ಹೋಗಬಾರದು. ತಂದೆ-ತಾಯಿಯರೂ ಈ ಒಂದೇ ಪರೀಕ್ಷೆಯನ್ನು ಮಗನ ಯೋಗ್ಯತೆಯ ಅಳತೆ ಎಂದು ಭಾವಿಸಬಾರದು.

ಕಾನೂನು ಮತ್ತು ವಿಮೆಯ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಮುಖ್ಯವಾದದ್ದು ಮಾಹಿತಿಯೇ. ಪೇಟೆಂಟ್ ಏಜೆಂಟ್ ಎಂಬ ವೃತ್ತಿಗೆ ಕಾನೂನು ಪದವಿ ಬೇಡ. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಮಿನಂತೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇದ್ದು, 21 ವರ್ಷ ತುಂಬಿದ ಭಾರತೀಯ ನಾಗರಿಕರು ಪೇಟೆಂಟ್ ಏಜೆಂಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು. ಪ್ರಬಂಧ ಬರೆದವರಿಗೆ ಈ ಕೆಲಸ ಒಗ್ಗುತ್ತದೆ. ಹಿಂದೆ ಯಾರು ಏನು ಮಾಡಿದ್ದಾರೆ, ಇದರಲ್ಲಿ ನಿಜಕ್ಕೂ ಹೊಸತೇನು ಎಂದು ಹುಡುಕಿ ನಿಖರವಾಗಿ ಬರೆಯುವುದೇ ಇಲ್ಲಿಯ ಕಸುಬು. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಎಲ್ಲವೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಬೆಲ್ಲದ ಗಾಣಕ್ಕೋ ಅರಿಶಿಣ ಪಾಲಿಶಿಗೋ ತಾನೇ ಯಂತ್ರ ರೂಪಿಸಿದ ಮೂಡಲಗಿಯ ಕಮ್ಮಾರನ ಪರವಾಗಿ ಆ ಅರ್ಜಿ ಬರೆಯುವವರು ಯಾರು?

ಇಲ್ಲಿ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಮದುವೆ, ಮಕ್ಕಳು ಎಂದು ಓದು-ಕೆಲಸ ಬಿಟ್ಟ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 'ಟೈಫ್ಯಾಕ್' ಸಂಸ್ಥೆಯ ಮೂಲಕ ಪೇಟೆಂಟ್ ವಿಷಯದಲ್ಲಿ ಒಂದು ವರ್ಷದ ತರಬೇತಿಯನ್ನು ವಿದ್ಯಾರ್ಥಿವೇತನ ಸಹಿತ ನಡೆಸುತ್ತ ಬಂದಿದೆ. ಅದರಿಂದ ಅನೇಕ ಮಹಿಳೆಯರು ಪೇಟೆಂಟ್ ಏಜೆಂಟರಾಗಿದ್ದಾರೆ, ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಸಂಕೇಶ್ವರದಲ್ಲೋ ಕೌಜಲಗಿಯಲ್ಲೋ ಎಂ.ಟೆಕ್. ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಕುಳಿತ ತಂಗಿಯರಿಗೆ ಈ ಸುದ್ದಿಯನ್ನು ದಯವಿಟ್ಟು ಮುಟ್ಟಿಸಿ.

ವಿಮೆಯ ಕಡೆಗೂ ನೋಡಬಹುದು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ನಿರ್ಧಾರವಾಗುವುದು ಬೆಳೆ ಕಟಾವು ಪ್ರಯೋಗಗಳ ಅಂಕಿಗಳಿಂದ. ಆಯ್ದ ಕೆಲವು ತುಂಡು ಹೊಲಗಳ ಇಳುವರಿಯಿಂದ ಇಡೀ ಪಂಚಾಯಿತಿಯ ನಷ್ಟವನ್ನು ಅಂದಾಜು ಮಾಡುತ್ತಾರೆ. ಸಂಖ್ಯಾಶಾಸ್ತ್ರ ಬಲ್ಲವರು ಆ ಅಂದಾಜನ್ನು ಸುಧಾರಿಸಬಲ್ಲರು, ತಪ್ಪಿದ್ದರೆ ಪ್ರಶ್ನಿಸಬಲ್ಲರು. ಗಣಿತದಲ್ಲಿ ಗಟ್ಟಿ ಇರುವವರಿಗೆ ಆಕ್ಚುಯರಿ, ಅಂದರೆ ವಿಮೆಯ ಅಪಾಯವನ್ನು ಲೆಕ್ಕ ಹಾಕುವ ವೃತ್ತಿಯೂ ತೆರೆದಿದೆ. ಅದಕ್ಕೆ ಪ್ರವೇಶ ಪರೀಕ್ಷೆ ಇದೆ, ಮುಂದೆ ವರ್ಷಗಟ್ಟಲೆ ಪರೀಕ್ಷೆಗಳಿವೆ, ತಾಳ್ಮೆ ಬೇಕು.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ಭಾಗಕ್ಕೆ ಬರುತ್ತೇನೆ. ಶಾಲೆ ಮತ್ತು ಕನ್ನಡ.

ವಿಜ್ಞಾನ-ಗಣಿತದ ವಿಶೇಷತೆಯೊಂದಿಗೆ ಎಂಜಿನಿಯರಿಂಗ್ ಓದಿ ಶೇ. 55 ಅಂಕ ಪಡೆದವರು ಬಿ.ಇಡಿ. ಸೇರಬಹುದು ಎಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಲ್ಲಿದೆ. ನಮ್ಮ ಪ್ರೌಢಶಾಲೆಗಳಲ್ಲಿ ಎಷ್ಟೋ ಮಕ್ಕಳು ಗಣಿತಕ್ಕೆ ಹೆದರಿಯೇ ಓದು ಬಿಡುತ್ತಾರೆ. ತ್ರಿಕೋನಮಿತಿಯನ್ನು ಹಿಡಕಲ್ ಅಣೆಕಟ್ಟಿನ ಎತ್ತರ ಅಳೆದು ಕಲಿಸಬಲ್ಲ ಎಂ.ಟೆಕ್. ಶಿಕ್ಷಕಿ ಒಬ್ಬರು ಒಂದು ಊರಿಗೆ ಬಂದರೆ ಆ ಊರಿನ ಒಂದು ತಲೆಮಾರಿನ ದಿಕ್ಕೇ ಬದಲಾಗುತ್ತದೆ. "ಇಷ್ಟ್ ಓದಿ ಸಾಲಿ ಮಾಸ್ತರ ಆದ್ನೇನು?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಕೇಳಿದವರ ತಿಳಿವಳಿಕೆಯ ಕೊರತೆ ಅದು, ಮಾಸ್ತರರದಲ್ಲ.

ಕನ್ನಡದ ಮಾತಿಗೆ ಈ ನೆಲವೇ ಸಾಕ್ಷಿ. ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ ಗೋಕಾಕ ಸೀಮೆಯವು. ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿ ತಾಲ್ಲೂಕಿನದು. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದೆ ಕೌಜಲಗಿ ನಿಂಗಮ್ಮನ ಊರು ಇಲ್ಲೇ. ಇಂಥ ನುಡಿಯಲ್ಲಿ ಬೆಳೆದ ಎಂಜಿನಿಯರನ ಕೈಯಲ್ಲಿ ಎರಡು ಬಂಡವಾಳಗಳಿವೆ. ಹುಬ್ಬಳ್ಳಿಯ ಬಿ.ವಿ.ಬಿ.ಯಲ್ಲಿ ಬಿ.ಇ., ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮಾಡಿ ಟೆಲ್ಕೋದ ಯಂತ್ರಶಾಲೆಯಲ್ಲಿ ಕೆಲಸ ಆರಂಭಿಸಿದ ಸುಧಾ ಮೂರ್ತಿಯವರು ಲೇಖಕಿಯಾಗಿ ಮನೆಮನೆ ತಲುಪಿದರು. ಸಂಡೂರಿನ ವಸುಧೇಂದ್ರ ಸುರತ್ಕಲ್‌ನಲ್ಲಿ, ಆಮೇಲೆ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಸಾಫ್ಟ್‌ವೇರ್ ವೃತ್ತಿಯಲ್ಲಿ ವರ್ಷಗಳ ಕಾಲ ಇದ್ದು, ಅದನ್ನು ಬಿಟ್ಟು ಪೂರ್ಣಾವಧಿ ಬರಹಗಾರರಾದರು. ಛಂದ ಪುಸ್ತಕದ ಮೂಲಕ ಹೊಸಬರ ಕಥೆಗಳನ್ನು ಪ್ರಕಟಿಸಿದರು. ನೇಮಿಚಂದ್ರ ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿ ದುಡಿಯುತ್ತಲೇ 'ಯಾದ್ ವಶೇಮ್' ಬರೆದರು. ಬರವಣಿಗೆಯಿಂದ ಹೊಟ್ಟೆ ತುಂಬುತ್ತದೆಂದು ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಈ ಮೂವರೂ ಬೇರೆ ದುಡಿಮೆಯ ಆಸರೆಯಿಂದಲೇ ಬರೆಯತೊಡಗಿದವರು ಎಂಬುದನ್ನು ಗಮನಿಸಿ.

ಆದರೆ ಕನ್ನಡದ ಸುತ್ತ ಸಂಬಳ ತರುವ ಕೆಲಸಗಳೂ ಈಗ ಹುಟ್ಟಿವೆ. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬಿ.ಇ. ಕಲಿಸಲು ಅನುಮತಿ ಕೊಟ್ಟಿತು. ಕಲಿಸಲು ಪುಸ್ತಕ ಬೇಕು. ವಿಷಯ ಮತ್ತು ಭಾಷೆ ಎರಡೂ ಗೊತ್ತಿದ್ದವರು ಬರೆಯದಿದ್ದರೆ ವಿದ್ಯಾರ್ಥಿಗೆ ಅರ್ಥವಾಗದ ಕನ್ನಡ ಮುದ್ರಣವಾಗುತ್ತದೆ. ಮೈಸೂರಿನಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ 2008ರಿಂದ ಜ್ಞಾನ ಪಠ್ಯಗಳ ಅನುವಾದದಲ್ಲಿ ತೊಡಗಿದೆ. 2022ರಲ್ಲಿ ಆರಂಭವಾದ ಕೇಂದ್ರದ 'ಭಾಷಿಣಿ', ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಗಳು ಯಂತ್ರಗಳಿಗೆ ನಮ್ಮ ಭಾಷೆಗಳ ಮಾತನ್ನು ಕಲಿಸುತ್ತಿವೆ. ಬೆಂಗಳೂರಿನ ಕನ್ನಡವನ್ನಷ್ಟೇ ಕಲಿತ ಯಂತ್ರ "ಏನ್ರೀ ಯಪ್ಪಾ, ಎತ್ತಾಗ ಹೊಂಟೀರಿ" ಎಂದರೆ ತಬ್ಬಿಬ್ಬಾಗುತ್ತದೆ. ನಾಳೆ ಬ್ಯಾಂಕು, ಆಸ್ಪತ್ರೆ, ಕಂದಾಯ ಕಚೇರಿ ಧ್ವನಿಯಿಂದ ನಡೆಯುವಾಗ ನಮ್ಮ ಅಜ್ಜಿಯ ಮಾತು ಅದಕ್ಕೆ ತಿಳಿಯಬೇಕು. ಆ ಕೆಲಸಕ್ಕೆ ಗಣಕ ಓದಿದ, ಈ ಸೀಮೆಯ ಮಾತು ಬಲ್ಲ ತರುಣರೇ ಬೇಕು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ದಾರಿ ಬದಲಿಸುವವರು ಏನನ್ನು ನೋಡಿಕೊಳ್ಳಬೇಕು?

ಇನ್ನೊಂದು ಪದವಿ ಎಲ್ಲಕ್ಕೂ ಮದ್ದಲ್ಲ. ಎಂ.ಟೆಕ್. ಆಯಿತು, ಕೆಲಸ ಸಿಗಲಿಲ್ಲ, ಎಂ.ಬಿ.ಎ. ಮಾಡೋಣ ಎಂದು ಹೊರಟವರು ಬಹಳ. ಯಾವ ಕೆಲಸಕ್ಕಾಗಿ ಎಂಬುದು ಖಚಿತವಾಗದೆ ಸಾಲ ಮಾಡಿ ಓದುವುದು ಬೇಡ. ಮೊದಲು ಆ ಕೆಲಸವನ್ನು ಹತ್ತಿರದಿಂದ ನೋಡಿ. ದರ ಅರ್ಜಿಯೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು ಪೂರ್ತಿ ಓದಿ. ಬೇಸರವಾದರೆ ಅದು ನಿಮ್ಮ ದಾರಿಯಲ್ಲ, ರಾತ್ರಿ ಎರಡರವರೆಗೆ ಓದಿಸಿಕೊಂಡರೆ ಹೌದು. ಪೇಟೆಂಟ್ ಒಂದನ್ನು ಓದಿ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ನಿಮ್ಮ ಊರಿನ ಶಾಲೆಯಲ್ಲಿ ಒಂದು ಹಂಗಾಮು ಗಣಿತ ಹೇಳಿಕೊಡಿ. ಗೇಟ್ ಅರ್ಹತೆಯಿಂದ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಕಿರಿಯ ಸಂಶೋಧನಾ ವೇತನ ಪಡೆಯುವ ಸಂಶೋಧಕರಿಗೆ 2023ರಿಂದ 37,000 ರೂಪಾಯಿ ಬರುತ್ತದೆ. ಆ ಆಸರೆ ಇರುವ ವರ್ಷಗಳಲ್ಲೇ ಇಂಥ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ.

ಸ್ವಂತ ಉದ್ಯಮದ ಬಗ್ಗೆ ಹೆಚ್ಚು ಹೇಳಲಿಲ್ಲ. ಅದಕ್ಕೆ ಬೇರೆಯೇ ಉಪನ್ಯಾಸ ಬೇಕು. ಒಂದು ಮಾಹಿತಿ ಮಾತ್ರ: ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ಶೇ. 35ರಷ್ಟು, ರಾಜ್ಯದ ಪಾಲು ಸೇರಿ ಶೇ. 50ರವರೆಗೆ, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಸಿಗುತ್ತ ಬಂದಿದೆ. ಕರದಂಟಿನ ಊರಾದ ಗೋಕಾಕದವರು ಇದನ್ನು ನೆನಪಿಡಬೇಕು. ಸಹಾಯಧನ ನೋಡಿ ಉದ್ಯಮ ಶುರು ಮಾಡಬೇಡಿ, ಗಿರಾಕಿಯನ್ನು ನೋಡಿ ಮಾಡಿ.

ಈ ಸಭೆಗೆ ನನ್ನ ಮೂರು ಬೇಡಿಕೆಗಳಿವೆ. ಈ ಭಾಗದ ತಾಂತ್ರಿಕ ಕಾಲೇಜುಗಳ ಪ್ರಾಚಾರ್ಯರು ಸ್ನಾತಕೋತ್ತರ ಪ್ರಬಂಧಗಳಲ್ಲಿ ಕೆಲವನ್ನಾದರೂ ಕಬ್ಬಿನ ಇಳುವರಿ, ಘಟಪ್ರಭೆಯ ನೆರೆ, ಸವಳು ಭೂಮಿ, ವಿದ್ಯುತ್ ಸೋರಿಕೆ ಇಂಥ ಸ್ಥಳೀಯ ಪ್ರಶ್ನೆಗಳಿಗೆ ಮೀಸಲಿಡಬೇಕು, ಅವುಗಳ ಸಾರಾಂಶ ಕನ್ನಡದಲ್ಲಿ ಊರಿಗೆ ಸಿಗಬೇಕು. ತಂದೆ-ತಾಯಿಯರು ಮಕ್ಕಳಿಗೆ ಎರಡು ವರ್ಷ ಕೊಡಬೇಕು; ಆ ಎರಡು ವರ್ಷ ನೆರೆಹೊರೆಯವರ ಮಾತಿಗೆ ತಾವೇ ಎದೆಯೊಡ್ಡಬೇಕು. ಮೂರನೆಯದು ವಿದ್ಯಾರ್ಥಿಗಳಿಗೆ. ಹುಕ್ಕೇರಿ ವಿದ್ಯುತ್ ಸಹಕಾರಿ ಸಂಘದ ಮುಂದಿನ ದರ ಅರ್ಜಿ ಆಯೋಗದ ಮುಂದೆ ಬರುತ್ತದೆ, ಸಾರ್ವಜನಿಕ ಪ್ರಕಟಣೆ ಹೊರಡುತ್ತದೆ. ಆಗ ಅರ್ಜಿಯ ಅಂಕಿಗಳನ್ನು ಪರಿಶೀಲಿಸಿ ಲಿಖಿತ ಆಕ್ಷೇಪಣೆ ಸಲ್ಲಿಸುವವರಲ್ಲಿ ಈ ಮೂರು ತಾಲ್ಲೂಕುಗಳ ಒಬ್ಬ ಎಂ.ಟೆಕ್. ಪದವೀಧರನಾದರೂ, ಪದವೀಧರೆಯಾದರೂ ಇರಬೇಕು. ಅದಕ್ಕೆ ಯಾರ ನೇಮಕಾತಿ ಪತ್ರವೂ ಬೇಕಿಲ್ಲ. ಇಲ್ಲಿ ಕುಳಿತವರಲ್ಲಿ ಒಬ್ಬರು ಆ ಕೆಲಸವನ್ನು ಇಂದೇ ಒಪ್ಪಿಕೊಳ್ಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.